ಕಮೋಯೆನ್ಸನ ಕಾವ್ಯದಲ್ಲಿ ಸ್ತುತಿಯೂ ಶಂಕೆಯೂ

ಪೋರ್ಚುಗಲ್ ದೇಶದ ಮಹಾಕವಿಯಾದ ಲೂಯಿಸ್ ದ ಕಮೋಯೆನ್ಸನು ತನ್ನ ‘ಓಸ್ ಲುಸೀಯದಸ್’ ಎಂಬ ಕಾವ್ಯದ ಏಳನೆಯ ಸರ್ಗದಲ್ಲಿ, ವಾಸ್ಕೊ ದ ಗಾಮನ ಹಡಗುಗಳು ಕಲ್ಲಿಕೋಟೆಯ ಎದುರಿಗೆ ಬಂದು ನಿಂತ ಸಂದರ್ಭವನ್ನು ಹಿಡಿದು, ಭರತಖಂಡವನ್ನು ಒಂದೇ ನೋಟದಲ್ಲಿ ವರ್ಣಿಸಲು ತೊಡಗುತ್ತಾನೆ. ಆ ವರ್ಣನೆಯ ಎರಡು ಪದ್ಯಗಳಲ್ಲಿ ಕನ್ನಡಿಗರ ಕಿವಿ ನಿಮಿರುವಂತಹ ಮೂರು ಹೆಸರುಗಳಿವೆ. ಕಡಲಿನಿಂದ ಕಾಣುವ ಉದ್ದವಾದ ಬೆಟ್ಟಸಾಲೊಂದು ಮಲೆಯಾಳ ನಾಡಿಗೆ ಕೋಟೆಯಂತೆ ನಿಂತು ಅದನ್ನು ‘ಕನರ’ದಿಂದ ಕಾಪಾಡುವುದೆಂದು ಕವಿ ಹೇಳುತ್ತಾನೆ. ಆ ಬೆಟ್ಟಸಾಲನ್ನು ನೆಲದ ಜನರು ‘ಘಟ್ಟ’ವೆಂದು ಕರೆಯುವರೆಂದೂ ತಿಳಿಸುತ್ತಾನೆ. ಮೂರನೆಯದು ‘ನರ್ಸಿಂಗ’ ರಾಜ್ಯ. ಪೋರ್ಚುಗೀಸರು ಸಾಳುವ ನರಸಿಂಹನ ಹೆಸರನ್ನು ಹಿಡಿದು ವಿಜಯನಗರವನ್ನು ಹೀಗೆ ಕರೆಯುತ್ತಿದ್ದರು. ಆ ರಾಜ್ಯದ ಬಲವು ಹೊನ್ನಿನಲ್ಲಿಯೂ ರತ್ನಗಳಲ್ಲಿಯೂ ಇರುವಷ್ಟು ಜನರ ಪರಾಕ್ರಮದಲ್ಲಿಲ್ಲವೆಂಬುದು ಕವಿಯ ತೀರ್ಪು.

ಈ ತೀರ್ಪನ್ನು ಓದಿ ಕನ್ನಡಿಗನ ಮನಸ್ಸು ಮುದುಡುವುದು ಸಹಜವೇ ಆಗಿದೆ. ಸುಮಾರು 1520ರಲ್ಲಿ ಹಂಪೆಯನ್ನು ಕಣ್ಣಾರೆ ಕಂಡ ದೊಮಿಂಗೊ ಪಾಯೆಸನು ಆ ನಗರವು ರೋಮಾಪುರಿಯಷ್ಟು ದೊಡ್ಡದಾಗಿ ತೋರಿತೆಂದು ಬರೆದಿಟ್ಟನು. ಅವನ ತರುವಾಯ ಬಂದ ಫೆರ್ನಾಂವ್ ನೂನಿಜನು ಕೃಷ್ಣದೇವರಾಯನ ದಂಡಯಾತ್ರೆಗಳನ್ನು ವಿಸ್ತಾರವಾಗಿ ವಿವರಿಸಿದನು. 1900ರಲ್ಲಿ ರಾಬರ್ಟ್ ಸಿವೆಲ್ಲನು ಈ ಬರಹಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದಮೇಲೆ ಮರೆತುಹೋಗಿದ್ದ ಸಾಮ್ರಾಜ್ಯವೊಂದು ವಿದ್ಯಾವಂತರ ಸ್ಮರಣೆಗೆ ಮರಳಿತು. ಹೀಗೆ ಪೋರ್ಚುಗೀಸ್ ಗದ್ಯವು ವಿಜಯನಗರಕ್ಕೆ ಉಪಕಾರ ಮಾಡಿದೆ. ಪೋರ್ಚುಗೀಸ್ ಪದ್ಯವಾದರೋ ಅದನ್ನು ಎರಡು ಪಂಕ್ತಿಗಳಲ್ಲಿ ತಳ್ಳಿಹಾಕಿತು. ಕಾವ್ಯವು ಅಚ್ಚಾದುದು 1572ರಲ್ಲಿ. ಅದಕ್ಕೆ ಏಳು ವರ್ಷ ಮೊದಲು, 1565ರಲ್ಲಿ, ರಕ್ಕಸತಂಗಡಿಯ ಕಾಳಗದಲ್ಲಿ ಆ ರಾಜ್ಯವು ಮುರಿದುಬಿದ್ದಿತ್ತು. ಆಗ ಕವಿಯು ಇನ್ನೂ ಪೂರ್ವದೇಶದಲ್ಲಿಯೇ ಇದ್ದನು.

ಹಾಗಾದರೆ ಇಂತಹ ಕಾವ್ಯವನ್ನು ಈ ನಾಡಿನ ಓದುಗರು ಓದಬೇಕಾದುದೇನು? ಗೆದ್ದವನ ಹಾಡನ್ನು ಸೋತವರ ನೆರೆಯವರು ಕೇಳಿ ಪಡೆಯುವ ಫಲವೇನು? ಈ ಪ್ರಶ್ನೆಗೆ ಕಾವ್ಯದ ಹೊರಗೆ ಉತ್ತರವನ್ನು ಹುಡುಕುವುದು ತಪ್ಪಾದೀತು. ಉತ್ತರವು ಕಾವ್ಯದ ಒಳಗೇ ಇದೆ. ‘ಲುಸೀಯದಸ್’ ಹೊರನೋಟಕ್ಕೆ ಸ್ತುತಿಕಾವ್ಯ. ಆದರೆ ಆ ಸ್ತುತಿಯ ನಡುನಡುವೆ ಕವಿಯೇ ಶಂಕೆಯನ್ನು ನೆಟ್ಟಿದ್ದಾನೆ. ಅನಂತರದ ನಾಲ್ಕು ಶತಮಾನಗಳಲ್ಲಿ ಆ ಭಾಷೆಯ ದೊಡ್ಡ ಕವಿಗಳು ಮರಳಿ ಮರಳಿ ಎತ್ತಿಕೊಂಡದ್ದು ಆ ಶಂಕೆಯನ್ನೇ ಹೊರತು ಸ್ತುತಿಯನ್ನಲ್ಲ.

ಕವಿಯ ಬಾಳನ್ನು ಕುರಿತು ನಿಶ್ಚಯವಾಗಿ ತಿಳಿದ ಸಂಗತಿಗಳು ಕೆಲವೇ. ಆದರೆ ಆ ಕೆಲವೇ ಕಾವ್ಯದ ಮರ್ಮವನ್ನು ತಿಳಿಯಲು ಸಾಕು. ಸುಮಾರು 1524ರಲ್ಲಿ ಹುಟ್ಟಿದ ಕಮೋಯೆನ್ಸನು ಆಫ್ರಿಕದ ಸೆಉಟದಲ್ಲಿ ಸಿಪಾಯಿಯಾಗಿದ್ದಾಗ ಬಲಗಣ್ಣನ್ನು ಕಳೆದುಕೊಂಡನು. 1552ರಲ್ಲಿ ಲಿಸ್ಬನ್ನಿನ ಬೀದಿಯ ಜಗಳವೊಂದರಲ್ಲಿ ಅರಮನೆಯ ಸೇವಕನೊಬ್ಬನನ್ನು ಗಾಯಗೊಳಿಸಿ ಸೆರೆಮನೆಗೆ ಹೋದನು. 1553ರಲ್ಲಿ ಕ್ಷಮೆ ಪಡೆದು, ಅದೇ ವರ್ಷ ಸಾಮಾನ್ಯ ಸಿಪಾಯಿಯಾಗಿ ಗೋವೆಗೆ ಬಂದಿಳಿದನು. ಪೂರ್ವದೇಶಗಳಲ್ಲಿ ಹದಿನಾರು ಹದಿನೇಳು ವರ್ಷ ಅಲೆದನು. ಮೆಕಾಂಗ್ ನದಿಯ ಮುಖದಲ್ಲಿ ಹಡಗು ಒಡೆದಾಗ ನೀರಿನಲ್ಲಿ ನೆನೆದ ಕಾವ್ಯದ ಹಸ್ತಪ್ರತಿಯು ಹೇಗೆ ಉಳಿಯಿತೆಂಬುದನ್ನು ಹತ್ತನೆಯ ಸರ್ಗದಲ್ಲಿ ತಾನೇ ಸೂಚಿಸಿದ್ದಾನೆ. ಊರಿಗೆ ಹಿಂದಿರುಗುವ ದಾರಿಯಲ್ಲಿ ಮೊಜಾಂಬಿಕದಲ್ಲಿ ಸ್ನೇಹಿತರ ಅನ್ನದಿಂದ ಬದುಕುತ್ತಿದ್ದ ಈ ಬಡಕವಿಯನ್ನು ಕಂಡುದಾಗಿ ಇತಿಹಾಸಕಾರ ದಿಯೋಗೊ ದೊ ಕೋತೊ ಬರೆದಿದ್ದಾನೆ. ಕವಿಯು 1570ರಲ್ಲಿ ಲಿಸ್ಬನ್ನನ್ನು ಮುಟ್ಟಿ, ಎರಡು ವರ್ಷಗಳ ತರುವಾಯ ಕಾವ್ಯವನ್ನು ಪ್ರಕಟಿಸಿದನು. ಅರಸನಿಂದ ವರ್ಷಕ್ಕೆ ಹದಿನೈದು ಸಾವಿರ ರೈಸುಗಳ ಅಲ್ಪವಾದ ವೇತನ ದೊರೆಯಿತು. 1580ರ ಜೂನ್ 10 ಅವನ ಮರಣದಿನವೆಂದು ಎಣಿಸಲ್ಪಡುತ್ತದೆ.

ಇಲ್ಲಿ ಗೋವೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಮರೆಯಲಾಗದು. ಕಮೋಯೆನ್ಸನ ಪದ್ಯವು ಮೊಟ್ಟಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡುದು ಲಿಸ್ಬನ್ನಿನಲ್ಲಲ್ಲ, ಗೋವೆಯಲ್ಲಿ. 1563ರಲ್ಲಿ ವೈದ್ಯನಾದ ಗಾರ್ಸಿಯ ದ ಓರ್ತನು ಭರತಖಂಡದ ಮೂಲಿಕೆಗಳನ್ನೂ ಔಷಧದ್ರವ್ಯಗಳನ್ನೂ ಕುರಿತು ಸಂವಾದರೂಪದ ಗ್ರಂಥವೊಂದನ್ನು ಅಲ್ಲಿ ಅಚ್ಚು ಹಾಕಿಸಿದನು. ಆ ಗ್ರಂಥದ ಆದಿಯಲ್ಲಿ ಅಂದಿನ ವೈಸರಾಯನನ್ನು ಸಂಬೋಧಿಸಿ ಕಮೋಯೆನ್ಸನು ರಚಿಸಿದ ಪ್ರಗಾಥವೊಂದಿದೆ. ಯೂರೋಪಿನ ಮಹಾಕವಿಯೊಬ್ಬನ ಮೊದಲ ಮುದ್ರಿತ ಪದ್ಯವು ಪಶ್ಚಿಮಘಟ್ಟದ ನೆರಳಿನಲ್ಲಿ, ಮೆಣಸು ಏಲಕ್ಕಿಗಳ ಗುಣವನ್ನು ಹೇಳುವ ಪುಸ್ತಕದ ಬಾಗಿಲಲ್ಲಿ, ಹುಟ್ಟಿತೆಂಬುದು ವಿಚಿತ್ರವಾದರೂ ನಿಜ.

ಇನ್ನು ಕಾವ್ಯದ ಸ್ವರೂಪ. ಹತ್ತು ಸರ್ಗಗಳು, 1102 ಪದ್ಯಗಳು. ಒಂದೊಂದು ಪದ್ಯಕ್ಕೂ ಎಂಟು ಪಂಕ್ತಿ. ಮೊದಲ ಆರರಲ್ಲಿ ಎರಡು ಅಂತ್ಯಪ್ರಾಸಗಳು ಒಂದನ್ನೊಂದು ಬಿಟ್ಟು ಬಿಟ್ಟು ಬರುವುವು. ಕೊನೆಯ ಎರಡು ಜೋಡಿಯಾಗಿ ಮುಗಿಯುವುವು. ಇಟಲಿಯಿಂದ ಬಂದ ಈ ಅಷ್ಟಪದಿಯ ನಡೆಯನ್ನು ಷಟ್ಪದಿಯ ಓಟಕ್ಕೆ ಒಗ್ಗಿದ ಕಿವಿಗಳು ಸುಲಭವಾಗಿ ಊಹಿಸಿಕೊಳ್ಳಬಲ್ಲುವು. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳು ನೀಳವಾಗಿ ಹರಿದು ಅರ್ಥಕ್ಕೆ ನಿಲುಗಡೆ ಕೊಡುವಂತೆ, ಇಲ್ಲಿ ಕೊನೆಯ ಜೋಡಿ ಪಂಕ್ತಿಗಳು ಪದ್ಯದ ಅರ್ಥವನ್ನು ಗಂಟುಹಾಕಿ ನಿಲ್ಲಿಸುತ್ತವೆ. ಕಥಾವಸ್ತುವು 1497ರ ಜುಲೈಯಲ್ಲಿ ಲಿಸ್ಬನ್ನಿನಿಂದ ಹೊರಟು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಸೇರಿದ ಗಾಮನ ಯಾನ. ಹೆಸರಿನ ಅರ್ಥ ‘ಲುಸುವಿನ ಮಕ್ಕಳು’, ಎಂದರೆ ಪೋರ್ಚುಗೀಸರು. ವರ್ಜಿಲನ ‘ಈನೀಡ್’ ಕಾವ್ಯವನ್ನು ಮೇಲ್ಪಂಕ್ತಿಯಾಗಿರಿಸಿಕೊಂಡು ಕವಿಯು ರೋಮಿನ ದೇವತೆಗಳನ್ನು ಕಥೆಯೊಳಕ್ಕೆ ಕರೆತರುತ್ತಾನೆ. ಹಿಂದೊಮ್ಮೆ ಭಾರತವನ್ನು ಜಯಿಸಿದನೆಂದು ಪುರಾಣಗಳು ಹೇಳುವ ಬಾಕಸನು ತನ್ನ ಕೀರ್ತಿಗೆ ಕುಂದು ಬಂದೀತೆಂದು ಯಾನಕ್ಕೆ ವಿಘ್ನವನ್ನೊಡ್ಡುತ್ತಾನೆ. ವೀನಸ್ ದೇವಿಯು ನಾವಿಕರ ಪಕ್ಷ ವಹಿಸುತ್ತಾಳೆ.

ಈ ದೇವತಾಪ್ರಪಂಚದಿಂದಲೇ ಕಾವ್ಯದ ಮೊದಲನೆಯ ಬಿರುಕು ಕಾಣತೊಡಗುತ್ತದೆ. ಕ್ರೈಸ್ತಧರ್ಮದ ಪ್ರಸಾರವನ್ನು ಹಾಡುವೆನೆಂದು ಹೊರಟ ಕವಿಗೆ ವೀನಸ್ಸಿನ ಸಹಾಯವಿಲ್ಲದೆ ಒಂದು ಹೆಜ್ಜೆಯೂ ಸಾಗದು. ಆದರೆ ಅವನ ನಾವಿಕರು ಮಲೆಯಾಳದ ದೇವಾಲಯವೊಂದನ್ನು ಹೊಕ್ಕು ಮರದಲ್ಲಿಯೂ ಕಲ್ಲಿನಲ್ಲಿಯೂ ಕೆತ್ತಿದ ಮೂರ್ತಿಗಳನ್ನು ಕಂಡಾಗ, ಬಹುಹಸ್ತಗಳ ಹಾಗೂ ಪಶುಮುಖಗಳ ಆ ರೂಪಗಳು ಕವಿಗೆ ಪಿಶಾಚಿಯ ಕಲ್ಪನೆಗಳಾಗಿ ತೋರುತ್ತವೆ. ಅವುಗಳನ್ನು ವರ್ಣಿಸಲು ಅವನಿಗೆ ದೊರೆಯುವ ಉಪಮಾನಗಳಾದರೂ ಯಾವುವು? ಎರಡು ಮೊಗದ ಜೇನಸ್, ನೂರು ಕೈಗಳ ಬ್ರಿಯಾರಿಯಸ್, ನಾಯಿಮೊಗದ ಅನೂಬಿಸ್! ತನ್ನ ಮನೆಯ ಪುರಾಣವು ಅಲಂಕಾರ, ನೆರೆಮನೆಯದು ವಿಕಾರ ಎಂಬ ಈ ನ್ಯಾಯವು ಕವಿಯೊಬ್ಬನದಲ್ಲ, ಆ ಕಾಲದ್ದು. ಈ ವಿರೋಧವು ಅಂದಿನವರಿಗೂ ಅರಿವಾಗದೆ ಇರಲಿಲ್ಲ. ಕಾವ್ಯವನ್ನು ಪರೀಕ್ಷಿಸಿ ಅಚ್ಚಿಗೆ ಅಪ್ಪಣೆ ಕೊಟ್ಟ ಧರ್ಮಾಧಿಕಾರಿಯು, ಈ ದೇವತೆಗಳು ಕೇವಲ ಕಾವ್ಯಾಲಂಕಾರವೆಂದು ಸಮಾಧಾನ ಹೇಳಬೇಕಾಯಿತು. ಹತ್ತನೆಯ ಸರ್ಗದಲ್ಲಿ ದೇವತೆಯೊಬ್ಬಳೇ ತಾವೆಲ್ಲರೂ ಪದ್ಯಗಳಿಗೆ ಇಂಪನ್ನು ತುಂಬಲು ಹುಟ್ಟಿದ ಕಟ್ಟುಕಥೆಗಳೆಂದು ಒಪ್ಪಿಕೊಳ್ಳುತ್ತಾಳೆ.

ಆದರೆ ಕಾವ್ಯದ ನಿಜವಾದ ಒಳದನಿಯು ಕೇಳಿಬರುವುದು ನಾಲ್ಕನೆಯ ಸರ್ಗದ ಕೊನೆಯಲ್ಲಿ. ಹಡಗುಗಳು ಹೊರಡಲು ಸಿದ್ಧವಾಗಿವೆ. ರೆಸ್ತೆಲೊ ದಂಡೆಯಲ್ಲಿ ತಾಯಂದಿರೂ ಹೆಂಡಂದಿರೂ ಅಳುತ್ತಿದ್ದಾರೆ. ಆಗ ಜನರ ನಡುವಿನಿಂದ ಹೆಸರಿಲ್ಲದ ಮುದುಕನೊಬ್ಬನು ತಲೆಯಲ್ಲಾಡಿಸುತ್ತ ದನಿಯೆತ್ತುತ್ತಾನೆ. ಕೀರ್ತಿಯೆಂದು ಹೆಸರಿಟ್ಟುಕೊಂಡ ಆಸೆಯನ್ನು ಅವನು ಮೂದಲಿಸುತ್ತಾನೆ. ಹೊಸ ನಾಡು, ಹೊನ್ನಿನ ಗಣಿ ಎಂದು ಜನರಿಗೆ ಆಸೆ ತೋರಿಸಿ ಅವರನ್ನು ಯಾವ ಸಾವಿನ ಬಾಯಿಗೆ ಒಯ್ಯುವಿರೆಂದು ಕೇಳುತ್ತಾನೆ. ಒಣಮರಕ್ಕೆ ಮೊದಲು ಹಾಯಿ ಕಟ್ಟಿದವನನ್ನು ಶಪಿಸುತ್ತಾನೆ. ಸ್ವರ್ಗದಿಂದ ಬೆಂಕಿಯನ್ನು ಕದ್ದು ತಂದ ಪ್ರೊಮಿಥಿಯಸ್ಸನನ್ನೂ ಬಿಡುವುದಿಲ್ಲ. ಮುದುಕನ ಮಾತು ಮುಗಿಯುವ ಮೊದಲೇ ಹಡಗುಗಳು ಹಾಯಿ ಬಿಚ್ಚುತ್ತವೆ. ಯಾರೂ ಅವನಿಗೆ ಉತ್ತರ ಕೊಡುವುದಿಲ್ಲ. ಸ್ತುತಿಕಾವ್ಯವೊಂದರ ನಾಯಕನು ಯಾತ್ರೆಗೆ ಕಾಲಿಡುವ ಮುಹೂರ್ತದಲ್ಲಿಯೇ ಇಂತಹ ಅಪಶಕುನವನ್ನು ನುಡಿಸಿ, ಅದಕ್ಕೆ ಉತ್ತರವನ್ನೂ ಕೊಡದೆ ಬಿಡುವುದು ಸಾಮಾನ್ಯ ಕವಿಯ ಧೈರ್ಯವಲ್ಲ. ಈ ಪ್ರಸಂಗವನ್ನು ಕಥೆಯಾಗಿ ಹೇಳುವವನು ಗಾಮನೇ ಎಂಬುದನ್ನೂ ಗಮನಿಸಬೇಕು. ತಿಂಗಳುಗಟ್ಟಲೆ ಕಡಲಮೇಲಿದ್ದರೂ ಆ ದನಿಯನ್ನು ಅವನು ಮರೆತಿಲ್ಲ.

ಐದನೆಯ ಸರ್ಗದಲ್ಲಿ ಶಂಕೆಯು ಭೀಕರವಾದ ರೂಪ ತಾಳುತ್ತದೆ. ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತುವಾಗ ಇರುಳಿನ ಮೋಡದಿಂದ ದೈತ್ಯನೊಬ್ಬನು ಎದ್ದು ನಿಲ್ಲುತ್ತಾನೆ. ಕೆದರಿದ ಗಡ್ಡ, ಹಳದಿ ಹಲ್ಲು, ಮಣ್ಣಿನ ಬಣ್ಣದ ಮೈ. ತನ್ನ ಕಡಲನ್ನು ಮೊದಲು ಸೀಳಿದವರಿಗೆ ಬರಲಿರುವ ಕೇಡನ್ನು ಅವನು ಮುಂದಾಗಿ ಹೇಳುತ್ತಾನೆ. ಆ ಭೂಶಿರವನ್ನು ಮೊದಲು ಕಂಡ ಬಾರ್ತೊಲೊಮೆವ್ ದಿಯಾಸನು ಅಲ್ಲಿಯೇ ಮುಳುಗುವನು. ಮೊದಲನೆಯ ವೈಸರಾಯ ಫ್ರಾನ್ಸಿಸ್ಕೊ ದ ಅಲ್ಮೇದನು ಅಲ್ಲಿಯೇ ಮಡಿಯುವನು. ಸೆಪೂಲ್ವೆದನ ಹೆಂಡತಿ ಮಕ್ಕಳು ಹಡಗೊಡೆದು ಬಿಸಿಮರಳಿನಲ್ಲಿ ಹಸಿವಿನಿಂದ ಸಾಯುವರು. ಈ ಮೂರೂ ನಡೆದ ಸಂಗತಿಗಳು. ಅಲ್ಮೇದನು 1510ರಲ್ಲಿ ಆ ನೆಲದ ಜನರ ಕೈಯಿಂದಲೇ ಹತನಾದನು. ಇಷ್ಟರಲ್ಲಿ ಗಾಮನು ‘ನೀನಾರು?’ ಎಂದು ಕೇಳುವನು. ಆ ಒಂದು ಪ್ರಶ್ನೆಯಿಂದ ಭಯಾನಕವು ಕರುಣಕ್ಕೆ ತಿರುಗಿಬಿಡುತ್ತದೆ. ತಾನು ಅದಮಾಸ್ತೊರನೆಂದೂ, ಸಮುದ್ರಕನ್ಯೆಯೊಬ್ಬಳನ್ನು ಪ್ರೀತಿಸಿ ಮೋಸಹೋದನೆಂದೂ, ಅವಳನ್ನು ಅಪ್ಪಿಕೊಂಡೆನೆಂದು ಭ್ರಮಿಸಿ ಬಂಡೆಯನ್ನು ಅಪ್ಪಿಕೊಂಡು ತಾನೂ ಬಂಡೆಯಾದನೆಂದೂ ದೈತ್ಯನು ಹೇಳಿಕೊಂಡು ಅಳುತ್ತ ಮಾಯವಾಗುತ್ತಾನೆ. ಶತ್ರುವಿಗೂ ಒಂದು ಎದೆಯನ್ನು ಕೊಟ್ಟ ಈ ಪ್ರಸಂಗದಿಂದ ಕಮೋಯೆನ್ಸನು ಮಹಾಕವಿಗಳ ಪಂಕ್ತಿಯನ್ನು ಸೇರುತ್ತಾನೆ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಈ ಕಾವ್ಯದ ಅಂಗಿರಸವು ವೀರ. ಆದರೆ ಸಹೃದಯರ ಮನಸ್ಸಿನಲ್ಲಿ ನಿಲ್ಲುವ ಸ್ಥಳಗಳೆಲ್ಲವೂ ಕರುಣದವು. ಮೂರನೆಯ ಸರ್ಗದಲ್ಲಿ ಯುದ್ಧಗಳ ವರ್ಣನೆಗೆ ಕೊರತೆಯಿಲ್ಲ. ಓದಿ ಮುಗಿಸಿದಮೇಲೆ ನೆನಪಿನಲ್ಲಿ ಉಳಿಯುವುದು, ರಾಜಕಾರಣಕ್ಕಾಗಿ 1355ರಲ್ಲಿ ಕೊಲೆಯಾದ ಇನೆಸ್ ದ ಕಾಸ್ತ್ರೊ ಎಂಬವಳು ಮಕ್ಕಳನ್ನು ಮುಂದಿಟ್ಟುಕೊಂಡು ಮಾವನಾದ ಅರಸನನ್ನು ಬೇಡಿಕೊಳ್ಳುವ ದೃಶ್ಯ. ಕನ್ನಡದ ಆದಿಕವಿ ಪಂಪನು ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡು ಕಾವ್ಯವನ್ನು ಕಟ್ಟಿಯೂ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು ಹೇಳಿದುದು ಇಲ್ಲಿ ಸ್ಮರಣೆಗೆ ಬರುತ್ತದೆ. ಅನ್ನವಿಟ್ಟವನ ಸ್ತುತಿಗೆ ಕೈ ಒಪ್ಪಿದರೂ ಹೃದಯವು ತನ್ನ ಹಾದಿಯನ್ನು ಬಿಡಲಿಲ್ಲವೆಂಬುದಕ್ಕೆ ಎರಡೂ ನಿದರ್ಶನಗಳು.

ಪಾತ್ರಗಳ ಬಾಯಿಂದಷ್ಟೇ ಅಲ್ಲ, ತನ್ನ ಬಾಯಿಂದಲೂ ಕವಿ ಮಾತನಾಡುತ್ತಾನೆ. ಏಳನೆಯ ಸರ್ಗದ ಕೊನೆಯಲ್ಲಿ ತನ್ನ ಬಡತನವನ್ನೂ ಅಲೆದಾಟವನ್ನೂ ಹೇಳಿಕೊಂಡು, ಎಂತಹವರನ್ನು ತಾನು ಹೊಗಳುವುದಿಲ್ಲವೆಂದು ಪಟ್ಟಿಮಾಡುತ್ತಾನೆ. ಸ್ವಂತ ಲಾಭಕ್ಕಾಗಿ ಅಧಿಕಾರವನ್ನು ಹಿಡಿದವನು, ಅರಸನ ಸೇವೆಯ ನೆವದಲ್ಲಿ ಬಡಜನರನ್ನು ಸುಲಿಯುವವನು, ಕಾನೂನನ್ನು ಬಿಗಿಯಾಗಿ ನಡೆಯಿಸಿ ದುಡಿಯುವವರ ಬೆವರಿಗೆ ಕೂಲಿ ಕೊಡಲು ಮಾತ್ರ ಒಪ್ಪದವನು, ಇವರಿಗೆ ತನ್ನ ಕಾವ್ಯದಲ್ಲಿ ಎಡೆಯಿಲ್ಲವೆಂದು ಹೇಳುತ್ತಾನೆ. ಗೋವೆಯ ಆಡಳಿತವನ್ನು ಒಳಗಿನಿಂದ ಕಂಡ ಸಿಪಾಯಿಯ ಮಾತಿದು. ಹತ್ತನೆಯ ಸರ್ಗದಲ್ಲಿ, 1510ರಲ್ಲಿ ಗೋವೆಯನ್ನು ಗೆದ್ದ ಅಫೊನ್ಸೊ ದ ಆಲ್ಬುಕೆರ್ಕನ ಪ್ರಶಂಸೆಗೆ ತೊಡಗಿದವನು ನಡುವೆಯೇ ನಿಲ್ಲುತ್ತಾನೆ. ಸೆರೆಯಾಳಾದ ಹೆಣ್ಣೊಬ್ಬಳ ಸಂಗಮಾಡಿದ ತಪ್ಪಿಗೆ ತನ್ನ ಸೈನಿಕನೊಬ್ಬನಿಗೆ ಮರಣದಂಡನೆ ವಿಧಿಸಿದ ಆ ಸೇನಾಪತಿಯ ಕ್ರೌರ್ಯವು ಅವನ ಕೀರ್ತಿಗೆ ಅಳಿಯದ ಕಲೆಯೆಂದು ಆಕ್ಷೇಪಿಸುತ್ತಾನೆ. ಕಾವ್ಯದ ತುದಿಯಲ್ಲಿ, ತನ್ನ ವೀಣೆಯ ಶ್ರುತಿ ಕೆಟ್ಟಿದೆ, ದನಿ ಒಡೆದಿದೆ ಎಂದು ಹೇಳಿ, ಅದಕ್ಕೆ ಹಾಡಿದ ದಣಿವು ಕಾರಣವಲ್ಲ, ಕೇಳುವ ಜನ ಕಿವುಡರಾಗಿ ಧನಲೋಭದಲ್ಲಿ ಮುಳುಗಿರುವುದೇ ಕಾರಣವೆಂದು ನೊಂದುಕೊಳ್ಳುತ್ತಾನೆ. ಮಂಗಳದಿಂದ ಮುಗಿಯಬೇಕಾದ ಕಾವ್ಯವು ಹೀಗೆ ವಿಷಾದದಲ್ಲಿ ಮುಗಿಯಲು ಹವಣಿಸುತ್ತದೆ.

ಆದರೂ ಕವಿಯ ಮೇಲಿನ ಪ್ರೀತಿಯಿಂದ ವಿಮರ್ಶಕನು ಕಣ್ಣು ಮುಚ್ಚಿಕೊಳ್ಳಲಾಗದು. ರೆಸ್ತೆಲೊದ ಮುದುಕನು ಶಾಂತಿಯ ಋಷಿಯಲ್ಲ. ಯುದ್ಧವೇ ಬೇಕಾದರೆ ದೂರದ ಭಾರತವೇಕೆ, ಬಾಗಿಲಲ್ಲಿಯೇ ಮೂರರಿಲ್ಲವೇ ಎಂಬುದು ಅವನ ವಾದ. ಕಲ್ಲಿಕೋಟೆಯವರಿಗೆ ಏನಾದೀತೆಂಬ ಚಿಂತೆ ಅವನಿಗಿಲ್ಲ. ತನ್ನ ನಾಡು ಬರಿದಾದೀತೆಂಬುದಷ್ಟೇ ಅವನ ದುಃಖ. ಕವಿಯು ಕೂಡ ಕೊನೆಯ ಪದ್ಯಗಳಲ್ಲಿ ತರುಣ ಅರಸ ಸೆಬಾಸ್ತಿಯನ್ನನನ್ನು ಆಫ್ರಿಕದ ಯುದ್ಧಕ್ಕೆ ಹುರಿದುಂಬಿಸುತ್ತಾನೆ. ಅರಸನು ಹೋದನು. 1578ರಲ್ಲಿ ಅಲ್ಕಾಸರ್ ಕಿಬಿರಿನ ರಣದಲ್ಲಿ ಅವನೂ ಅವನ ಸೈನ್ಯವೂ ನಾಶವಾದುವು. ಎರಡೇ ವರ್ಷಗಳಲ್ಲಿ ಪೋರ್ಚುಗಲ್ಲಿನ ಕಿರೀಟವು ಸ್ಪೇನಿನ ಅರಸನ ತಲೆಯನ್ನೇರಿತು. ಕವಿಯು ಸತ್ತುದೂ ಅದೇ 1580ರಲ್ಲಿ. ಮುದುಕನ ಶಾಪವು ಸತ್ಯವಾಯಿತು. ಅವನ ಸಲಹೆಯಿಂದಲೂ ಕೇಡೇ ಆಯಿತು. ವಾದವು ಸಂಕುಚಿತ, ಅಳಲು ವಿಶಾಲ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಈ ಪ್ರಸಂಗದ ಸರಿಯಾದ ಓದು.

ಮಹಾಕಾವ್ಯದಲ್ಲಿ ಈ ನಾಡಿನ ಜನರಿಗೆ ದೊರೆಯದ ಗೌರವವು ಕವಿಯ ಒಂದು ಪುಟ್ಟ ಹಾಡಿನಲ್ಲಿ ಅಕಸ್ಮಾತ್ತಾಗಿ ದೊರೆತಿದೆ. ಬಾರ್ಬರ ಎಂಬ ದಾಸಿಯನ್ನು ಕುರಿತು ಅವನು ರಚಿಸಿದ ಗೀತವು ಪೂರ್ವದೇಶದಲ್ಲಿ ಹುಟ್ಟಿದುದೆಂದು ಸಂಪ್ರದಾಯವುಂಟು. ಅದರಲ್ಲಿ ಸೆರೆಯಾದವಳು ಒಡೆಯನನ್ನೇ ಸೆರೆಹಿಡಿದಿದ್ದಾಳೆ. ಹೊಂಗೂದಲೂ ಬಿಳಿಮೈಯೂ ಚೆಲುವಿನ ಲಕ್ಷಣವೆಂದು ಯೂರೋಪಿನ ಕವಿಗಳೆಲ್ಲರೂ ಒಕ್ಕೊರಲಿನಿಂದ ಹಾಡುತ್ತಿದ್ದ ಕಾಲದಲ್ಲಿ ಈ ಕವಿಯು ಕಪ್ಪಿನ ಮುಂದೆ ಬಿಳುಪು ನಾಚುವುದೆಂದು ಹೇಳಿದನು. ಸಾಮ್ರಾಜ್ಯವನ್ನು ಹಾಡುವಾಗ ಕಾಣದಿದ್ದ ಮನುಷ್ಯರು ಪ್ರೇಮವನ್ನು ಹಾಡುವಾಗ ಅವನ ಕಣ್ಣಿಗೆ ಬಿದ್ದರು.

ಕಾವ್ಯವನ್ನು ಬಳಸಿಕೊಂಡವರು ಸ್ತುತಿಯ ಭಾಗವನ್ನೇ ಬಳಸಿಕೊಂಡರೆಂಬುದರಲ್ಲಿ ಆಶ್ಚರ್ಯವಿಲ್ಲ. 1776ರಲ್ಲಿ ಇಂಗ್ಲಿಷಿಗೆ ತಂದ ಮಿಕಲ್ಲನು ಅದನ್ನು ವಾಣಿಜ್ಯದ ಹುಟ್ಟನ್ನು ಹಾಡುವ ಮಹಾಕಾವ್ಯವೆಂದು ಸಾರಿ, ತನ್ನ ಪಂಕ್ತಿಗಳನ್ನೂ ನಡುವೆ ಸೇರಿಸಿದನು. 1880ರಲ್ಲಿ ಕವಿಯ ಮುನ್ನೂರನೆಯ ಪುಣ್ಯತಿಥಿಯಂದು, ಅವನದೆಂದು ನಂಬಲಾದ ಅಸ್ಥಿಗಳನ್ನು ಲಿಸ್ಬನ್ನಿನ ಜೆರೋನಿಮೊಸ್ ಮಠಕ್ಕೆ ಒಯ್ದರು. ಈಗ ಅಲ್ಲಿನ ದೇವಾಲಯದಲ್ಲಿ ಗಾಮನ ಸಮಾಧಿಯೂ ಅವನದೂ ಎದುರುಬದುರಾಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಸಲಾಜಾರನ ಸರ್ವಾಧಿಕಾರವು ಜೂನ್ 10ನ್ನು ‘ಜನಾಂಗದ ದಿನ’ವೆಂದು ಆಚರಿಸಿತು. 1974ರಲ್ಲಿ ಆ ಪ್ರಭುತ್ವವು ಉರುಳಿದಮೇಲೆ ದಿನಾಚರಣೆಯು ಉಳಿಯಿತು, ‘ಜನಾಂಗ’ವೆಂಬ ಮಾತು ಅಳಿಯಿತು.

ಕವಿಗಳಾದರೋ ಬೇರೆಯೇ ಬಗೆಯಲ್ಲಿ ಓದಿದರು. ಫೆರ್ನಾಂದೊ ಪೆಸೋವನು 1912ರಲ್ಲಿಯೇ ಕಮೋಯೆನ್ಸನನ್ನು ಮೀರಿಸುವ ಕವಿ ಬರಲಿರುವನೆಂದು ಭವಿಷ್ಯ ನುಡಿದಿದ್ದನು. 1934ರಲ್ಲಿ ಅವನು ಪ್ರಕಟಿಸಿದ ‘ಮೆನ್ಸಾಜೆಂ’, ಎಂದರೆ ‘ಸಂದೇಶ’, ಎಂಬ ನಲವತ್ತನಾಲ್ಕು ಕವಿತೆಗಳ ಸಂಕಲನವು ಅವನ ಜೀವಿತಕಾಲದಲ್ಲಿ ಹೊರಬಂದ ಏಕಮಾತ್ರ ಪೋರ್ಚುಗೀಸ್ ಕವಿತಾಗ್ರಂಥ. ಮರುವರ್ಷವೇ ಅವನು ತೀರಿಕೊಂಡನು. ಅರಸರು, ನಾವಿಕರು, ಸಮುದ್ರ, ಎಲ್ಲವೂ ಅಲ್ಲಿವೆ. ಕಮೋಯೆನ್ಸನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅದಮಾಸ್ತೊರನು ಅಲ್ಲಿ ಹೆಸರಿಲ್ಲದ ಹಾರುವ ಭೂತವಾಗಿ ಹಡಗನ್ನು ಸುತ್ತುತ್ತಾನೆ. ರೆಸ್ತೆಲೊ ದಂಡೆಯ ಅಳು ಅಲ್ಲಿ ಕಡಲಿನ ಉಪ್ಪಿನಲ್ಲಿಯೇ ಬೆರೆತುಹೋಗಿದೆ. ಆದರೆ ಗೆಲ್ಲಲು ಇನ್ನು ಯಾವ ನಾಡೂ ಇಲ್ಲ. ರಣದಲ್ಲಿ ಕಾಣೆಯಾದ ಸೆಬಾಸ್ತಿಯನ್ನನು ಮಂಜಿನ ಮುಂಜಾವಿನಲ್ಲಿ ಮರಳುವನೆಂಬ ಹಳೆಯ ನಂಬಿಕೆಯೊಂದೇ ಉಳಿದಿದೆ. ಪೆಸೋವನು ಸಾಮ್ರಾಜ್ಯವನ್ನು ನೆಲದಿಂದ ಎತ್ತಿ ಮಂಜಿನಲ್ಲಿಟ್ಟನು. ಇದರಲ್ಲಿ ಸೌಂದರ್ಯವಿದೆ, ಅಪಾಯವೂ ಇದೆ. ಮಂಜಿನಲ್ಲಿ ದಾಸರ ಬೆವರೂ ಕಾಣದು. ಈ ಗ್ರಂಥಕ್ಕೆ ಸಲಾಜಾರನ ಪ್ರಚಾರ ಇಲಾಖೆಯಿಂದ ಬಹುಮಾನ ಬಂದುದು ಕೇವಲ ಆಕಸ್ಮಿಕವಲ್ಲ.

ಬ್ರಜಿಲ್ ದೇಶದ ಕಾರ್ಲೊಸ್ ದ್ರುಮೋಂದ್ ದ ಅಂದ್ರಾದೆಯು ಇನ್ನೂ ದೂರ ಹೋದನು. ‘ಲುಸೀಯದಸ್’ ಕಾವ್ಯದ ಹತ್ತನೆಯ ಸರ್ಗದಲ್ಲಿ ಸಮುದ್ರರಾಣಿಯು ಗಾಮನಿಗೆ ಬೆಟ್ಟದ ಮೇಲೆ ವಿಶ್ವಯಂತ್ರವನ್ನು ತೋರಿಸುತ್ತಾಳೆ. ನಡುವೆ ಭೂಮಿ, ಸುತ್ತಲೂ ಗ್ರಹಗಳ ಗೋಳಗಳು, ಎಲ್ಲವೂ ಬೆಳಕಿನಲ್ಲಿ ಪಾರದರ್ಶಕ. ಗೆದ್ದವನಿಗೆ ಬಹುಮಾನವಾಗಿ ಬಂದ ವಿಶ್ವರೂಪದರ್ಶನವೆನ್ನಬಹುದು. ದ್ರುಮೋಂದನು 1951ರ ‘ಕ್ಲಾರೊ ಎನಿಗ್ಮ’ ಸಂಕಲನದಲ್ಲಿ ಅದೇ ಹೆಸರಿನ ಕವಿತೆಯನ್ನು ಬರೆದನು. ಮಿನಾಸ್ ಪ್ರಾಂತದ ಕಲ್ಲುಹಾದಿಯಲ್ಲಿ ಸಂಜೆಯ ಹೊತ್ತು ದಣಿದವನೊಬ್ಬನು ನಡೆಯುತ್ತಿದ್ದಾನೆ. ಬೇಡದೆ ವಿಶ್ವಯಂತ್ರವು ಅವನೆದುರು ತೆರೆದುಕೊಂಡು ಸಕಲ ರಹಸ್ಯವನ್ನೂ ಕೊಡಮಾಡುತ್ತದೆ. ಅವನು ಕಣ್ಣು ತಗ್ಗಿಸಿ, ಬೇಡವೆಂದು, ಮುಂದೆ ನಡೆಯುತ್ತಾನೆ. ಈ ಕವಿಯ ಹುಟ್ಟೂರಾದ ಇತಬಿರದ ಬಳಿಯಲ್ಲಿದ್ದ ಕಬ್ಬಿಣದ ಬೆಟ್ಟವನ್ನು 1942ರಲ್ಲಿ ಸ್ಥಾಪಿತವಾದ ಗಣಿ ಸಂಸ್ಥೆಯು ಅಗೆದಗೆದು ಶಿಖರವೇ ಇಲ್ಲದಂತೆ ಮಾಡಿತು. ನೆಲದ ಒಡಲನ್ನೆಲ್ಲ ತಿಳಿದು ತೆರೆದು ತೆಗೆದುಕೊಳ್ಳುವೆನೆಂಬ ಹಂಬಲದ ಕೊನೆ ಏನೆಂದು ಆ ಊರಿನವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಕಾಣಿಕೆಯನ್ನು ಒಲ್ಲೆನೆಂಬ ಆ ಒಂದು ಅಲುಗಾಟದಲ್ಲಿ ರೆಸ್ತೆಲೊದ ಮುದುಕನಿಗೆ ನಾಲ್ಕು ಶತಮಾನಗಳ ತರುವಾಯ ಒಬ್ಬ ಸಂಗಾತಿ ದೊರೆತನು.

ಮೊಜಾಂಬಿಕದ ಜೊಸೆ ಕ್ರವೇರಿನ್ಯನ ಕಥೆ ಇದಕ್ಕಿಂತಲೂ ಅರ್ಥವತ್ತಾದುದು. ಪೋರ್ಚುಗೀಸ್ ತಂದೆಗೂ ಆಫ್ರಿಕದ ತಾಯಿಗೂ 1922ರಲ್ಲಿ ಹುಟ್ಟಿದ ಇವನು, ಆಳುವವರ ಭಾಷೆಯಲ್ಲಿಯೇ ಆಳಿಸಿಕೊಂಡವರ ಕವಿಯಾದನು. ಗಣಿಯ ಕಲ್ಲಿದ್ದಲೇ ಒಡೆಯನೊಡನೆ ಮಾತನಾಡುವ ಇವನ ಕವಿತೆಯಲ್ಲಿ, ಉರಿಯುವುದು ತನ್ನ ಧರ್ಮವೆಂದು ಇದ್ದಲು ಎಚ್ಚರಿಸುತ್ತದೆ. 1965ರಿಂದ 1969ರವರೆಗೆ ವಸಾಹತು ಪೋಲೀಸರು ಇವನನ್ನು ಸೆರೆಯಲ್ಲಿಟ್ಟರು. 1975ರಲ್ಲಿ ಮೊಜಾಂಬಿಕವು ಸ್ವತಂತ್ರವಾಯಿತು. 1991ರಲ್ಲಿ, ಪೋರ್ಚುಗಲ್ ಮತ್ತು ಬ್ರಜಿಲ್ ಸರ್ಕಾರಗಳು ಕೂಡಿ ಕೊಡುವ ಕಮೋಯೆನ್ಸ್ ಪ್ರಶಸ್ತಿಯನ್ನು ಆಫ್ರಿಕದವರಲ್ಲಿ ಮೊದಲಿಗನಾಗಿ ಪಡೆದವನು ಇವನೇ. ಹಿಂದೊಮ್ಮೆ ಕಮೋಯೆನ್ಸನು ಹಸಿದು ಬಿದ್ದಿದ್ದ ನೆಲದ ಕವಿಗೆ ಕಮೋಯೆನ್ಸನ ಹೆಸರಿನ ಮಾನ ಸಂದಿತು. ಅದಮಾಸ್ತೊರನ ಖಂಡವು ಕೊನೆಗೂ ತನ್ನ ಬಾಯಿಂದಲೇ ಮಾತನಾಡಿತು. ಶಾಪವಾಗಿ ಅಲ್ಲ, ಕವಿತೆಯಾಗಿ.

ಹಳೆಯ ಗೋವೆಯಲ್ಲಿ ಕಮೋಯೆನ್ಸನ ಕಂಚಿನ ಪ್ರತಿಮೆಯೊಂದುಂಟು. ಪೋರ್ಚುಗೀಸರ ಆಳಿಕೆ 1961ರಲ್ಲಿ ಮುಗಿಯುವ ಮೊದಲು ಇಗರ್ಜಿಗಳ ನಡುವಣ ಬಯಲಿನಲ್ಲಿ ನಿಲ್ಲಿಸಿದ್ದ ಆ ಪ್ರತಿಮೆಯು ಈಗ ಪುರಾತತ್ವ ಸಂಗ್ರಹಾಲಯದ ಒಳಗಿದೆ. ಬೀದಿಯಲ್ಲಿ ನಿಂತು ಜನರನ್ನು ಆಳುವಂತೆ ಕಾಣುವುದು ಅವನಿಗೆ ತಕ್ಕ ಸ್ಥಾನವಾಗಿರಲಿಲ್ಲವೆಂಬುದು ನಿಜ; ಆದರೆ ಮಹಾಕವಿಗೆ ಸಂಗ್ರಹಾಲಯವೂ ತಕ್ಕ ಸ್ಥಾನವಲ್ಲ. ಅವನ ಸ್ಥಾನ ಓದುವ ಮನೆಗಳಲ್ಲಿದೆ. ವಿಜಯನಗರವನ್ನು ಅಲ್ಪವೆಂದ ಪಂಕ್ತಿಗಳನ್ನು ಕನ್ನಡಿಗರು ಮರೆಯಬೇಕಾಗಿಲ್ಲ, ದೇವಾಲಯದ ಮೂರ್ತಿಗಳನ್ನು ಜರೆದ ಪದ್ಯಗಳನ್ನು ಕ್ಷಮಿಸಬೇಕಾಗಿಯೂ ಇಲ್ಲ. ಅವೆರಡನ್ನೂ ನೆನಪಿನಲ್ಲಿಟ್ಟುಕೊಂಡೇ ರೆಸ್ತೆಲೊ ದಂಡೆಗೆ ಹೋಗಿ ನಿಂತರೆ, ಹೊರಡುವ ಹಡಗುಗಳ ಕಡೆಗೆ ಬೆನ್ನು ಮಾಡಿ ಆ ಮುದುಕನ ಮುಖವನ್ನು ನೋಡಿದರೆ, ಘಟ್ಟದ ಈಚೆಯವರಿಗೂ ಅಲ್ಲಿ ಹೇಳಿದ ಮಾತಿದೆ. ಅವನ ಪ್ರಶ್ನೆಗೆ ಗಾಮನು ಉತ್ತರ ಕೊಡಲಿಲ್ಲ. ಕಡಲನ್ನು ದಾಟಿ ಸಂಪತ್ತನ್ನು ತರಹೊರಟ ಯಾವ ಜನಾಂಗವೂ ಇಂದಿನವರೆಗೆ ಅದಕ್ಕೆ ಸರಿಯಾದ ಉತ್ತರವನ್ನು ಕೊಟ್ಟಿಲ್ಲ.